ವಾಡಿ ಕ್ಲಬ್ಬಿಗೆ ಹೊಲಿದ ಕುಸುಬಿ ಹೂ

ಕ್ರಿಸ್ತಶಕ ೧೯೩೭ನೆಯ ಇಸವಿಯ ಡಿಸೆಂಬರಿನಲ್ಲಿ ನನಗೆ ಮೂವತ್ತನಾಲ್ಕು ವರ್ಷ, ಎರಡು ತಿಂಗಳು. ಆಗ ನಾನು ಶಹಾಬಾದಿನ ಸ್ಟೇಶನ್ ರಸ್ತೆಯಲ್ಲಿ, ಫರ್ಸಿ ಕಲ್ಲು ಹಾಸಿದ ಒಂದೇ ಕೋಣೆಯಲ್ಲಿ, ಹೊಲಿಗೆಯ ಅಂಗಡಿ ಇಟ್ಟುಕೊಂಡಿದ್ದೆ. ಅದಕ್ಕೂ ಮೊದಲು ಒಂಬತ್ತು ವರ್ಷ ಸೇಡಂನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸಿದ್ದೆ. ಶಾಲೆಯ ಆಡಳಿತ ನೋಡುತ್ತಿದ್ದ ಪಂಚರೊಬ್ಬರ ಮಗನಿಗೆ ವ್ಯಾಕರಣದ ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ಬಂದವು. ಆ ಎರಡು ಅಂಕಗಳನ್ನು ಕೊಡಲು ನಾನು ಒಪ್ಪಲಿಲ್ಲ. ಮರುವರ್ಷ ನನಗೆ ಶಾಲೆಯಲ್ಲಿ ಕುರ್ಚಿ ಇರಲಿಲ್ಲ. ತಂದೆಯವರು ಸಿಂಪಿಗರಾಗಿದ್ದರು. ಅವರು ಬಿಟ್ಟುಹೋದ ಹೊಲಿಗೆಯ ಯಂತ್ರವನ್ನು ರೈಲಿಗೆ ಹಾಕಿಕೊಂಡು ಶಹಾಬಾದಿಗೆ ಬಂದೆ. ನನ್ನ ಹೆಂಡತಿ ಅದೇ ವರ್ಷ ಜ್ವರದಿಂದ ತೀರಿಕೊಂಡಿದ್ದಳು. ಹಾಗಾಗಿ ಸಾಮಾನು ಹೆಚ್ಚಿರಲಿಲ್ಲ.

ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆಯ ಸಾಹೇಬರ ಹೆಂಡಂದಿರು ನನ್ನಿಂದ ಫ್ರಾಕು, ಗೌನುಗಳನ್ನು ಹೊಲಿಸತೊಡಗಿದರು. ಹೊಲಿಗೆ ಅಚ್ಚುಕಟ್ಟಾಗಿದೆಯೆಂದು ಹೆಸರಾಯಿತು. ಅದೇ ಕಾರಣಕ್ಕೆ ಓಣಿಯ ಹೆಣ್ಣುಮಕ್ಕಳು ಕುಪ್ಪಸ ಕೊಡುವುದನ್ನು ನಿಲ್ಲಿಸಿದರು. ಮಡ್ಡಮ್ಮರ, ಎಂದರೆ ಆ ದೊರೆಸಾನಿಯರ, ಮೊಣಕಾಲಿನವರೆಗಿನ ಬಟ್ಟೆಗೆ ಹಚ್ಚಿದ ಕತ್ತರಿಯನ್ನು ತಮ್ಮ ಖಣಕ್ಕೆ ಹಚ್ಚುವುದು ಅವರಿಗೆ ಸೇರಲಿಲ್ಲ. ಖಾನಾವಳಿಯಲ್ಲಿಯೂ ನನ್ನ ಪಕ್ಕದ ಮಣೆ ಖಾಲಿ ಉಳಿಯುತ್ತಿತ್ತು. ಯಾರೂ ಬೈಯಲಿಲ್ಲ, ಜಗಳ ಕಾಯಲಿಲ್ಲ. ಇಡೀ ದಿನದಲ್ಲಿ ನಾನು ಆಡುತ್ತಿದ್ದ ಕನ್ನಡವೆಂದರೆ "ಇನ್ನೊಂದು ರೊಟ್ಟಿ ನೀಡವ್ವ", "ಸಾಕವ್ವ" ಎಂಬ ಎರಡು ವಾಕ್ಯಗಳು ಮಾತ್ರ. ಅಷ್ಟಕ್ಕೆ ನನ್ನ ನಾಲಗೆ ಒಗ್ಗಿಹೋಗಿತ್ತು.

ಡಿಸೆಂಬರ್ ಆರನೆಯ ತಾರೀಖು, ಸೋಮವಾರ, ಪೆರೇರಾ ಎಂಬ ಸಾಹೇಬರು ಅಂಗಡಿಗೆ ಬಂದರು. ಸಿಕಂದರಾಬಾದಿನ ಒಂದು ಕ್ಯಾಬರೆ ತಂಡಕ್ಕೆ ಅವರು ಮ್ಯಾನೇಜರರು. ಕ್ಯಾಬರೆಯೆಂದರೆ, ಊಟದ ಮೇಜುಗಳ ನಡುವೆ ಬಿಟ್ಟ ಜಾಗದಲ್ಲಿ ಬ್ಯಾಂಡಿನ ತಾಳಕ್ಕೆ ಹೆಣ್ಣುಮಕ್ಕಳು ಸಾಲಾಗಿ ಕುಣಿಯುವ ಒಂದು ಬಗೆಯ ಪ್ರದರ್ಶನ. ಅದರಲ್ಲಿ ಇಡೀ ಸಾಲಿನ ಉಡುಪಿಗೆ ಒಂದೇ ವಿಷಯವಿರುತ್ತದೆ. ಅದಕ್ಕೆ ಅವರು 'ಥೀಮ್' ಎನ್ನುತ್ತಿದ್ದರು. ವರ್ಷದ ಕೊನೆಯ ಸಂಜೆ ವಾಡಿ ಜಂಕ್ಷನ್ನಿನ ರೈಲ್ವೆ ಸಾಹೇಬರ ಕ್ಲಬ್ಬಿನಲ್ಲಿ ತಂಡದ ಪ್ರದರ್ಶನವಿತ್ತು. ಥೀಮು, ಪ್ಯಾರಿಸ್ಸಿನ ಹೂದೋಟ. ಏಳು ಜನರ ಹಳೆಯ ಫ್ರಾಕುಗಳಿಗೆ ಹೊಸದಾಗಿ ದಳಗಳನ್ನು ಕೂಡಿಸಬೇಕಿತ್ತು. ಮುಖ್ಯ ನರ್ತಕಿಯ ಉಡುಪನ್ನು ಬುಡದಿಂದ ಹೊಲಿಯಬೇಕಿತ್ತು.

ಪೆರೇರಾ ಸಾಹೇಬರು ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲಿಯೇ ಕೊಡುತ್ತೇನೆ. ಅವರು ಜೇಬಿನಿಂದ ಒಂದು ಚಿತ್ರದ ಕಾರ್ಡನ್ನು ತೆಗೆದು ಟ್ಯೂಲಿಪ್ ಎಂಬ ಹೂವನ್ನು ತೋರಿಸಿದರು.

"ನೋಡಿದ್ದೀರಾ ಮಾಸ್ಟರ್‌ಜಿ, ಈ ಹೂವನ್ನ?"

"ಇಲ್ಲ."

"ನಾನೂ ನೋಡಿಲ್ಲ. ವಾಡಿಯ ಸಾಹೇಬರೂ ನೋಡಿಲ್ಲ. ಹೆದರಬೇಡಿ, ಹೊಲಿಯಿರಿ."

ನನ್ನ ಸ್ವಭಾವಕ್ಕೆ ಅದು ಒಗ್ಗಲಿಲ್ಲ. ಕಾಣದ ಹೂವನ್ನು ಹೊಲಿದರೆ ಅದು ಬಟ್ಟೆಯ ಗಂಟಾಗುತ್ತದೆಯೇ ಹೊರತು ಹೂವಾಗುವುದಿಲ್ಲ. ಎರಡು ದಿನ ಕುಳಿತು, ನಾನು ನೋಡಿ ಬಲ್ಲ ಹೂಗಳ ಚಿತ್ರ ಬರೆದೆ. ಮೂವರಿಗೆ ತೊಗರಿಯ ಹೂ, ಹಳದಿಯ ಮೇಲೆ ಕೆಂಪು ಗೀರು. ಇಬ್ಬರಿಗೆ ಅಗಸೆಯ ನೀಲಿ. ಇಬ್ಬರಿಗೆ ಹತ್ತಿಯ ಹೂ, ಬೆಣ್ಣೆಬಣ್ಣದ್ದು. ನಡುವೆ ನಿಲ್ಲುವವಳಿಗೆ ಕುಸುಬಿ. ಕುಸುಬಿಯ ಹೂ ಅರಳುವಾಗ ಹಳದಿಯಾಗಿದ್ದು, ಬಲಿಯುತ್ತ ಕೇಸರಿಯಾಗಿ, ಒಣಗುವಾಗ ಕೆಂಪಾಗುತ್ತದೆ. ಬುಡದಲ್ಲಿ ಸುತ್ತಲೂ ಹಸುರು ಮುಳ್ಳು. ಸಾಹೇಬರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಯಾವುದು?"

"ನಮ್ಮ ಕಡೆಯದು. ಹೆಸರು..."

"ಹೆಸರು ಹೇಳಬೇಡಿ. ಇವತ್ತಿನಿಂದ ಇದು ಆರ್ಕಿಡ್."

ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ಒಳಗಿನ ಅಸ್ತರಿಗೆ ಬುಕ್ರಂ ಎಂಬ ಗಟ್ಟಿ ಗಂಜಿಬಟ್ಟೆ. ಅದರ ಮೇಲೆ ಮೈಗಂಟುವ ಸ್ಯಾಟಿನ್ ರವಿಕೆ. ಸೊಂಟದಿಂದ ಕೆಳಗೆ, ಒಂದು ಬೆರಳಗಲದ ನೂರ ಹನ್ನೆರಡು ಸ್ಯಾಟಿನ್ ಪಟ್ಟಿಗಳು. ಆ ಸ್ಯಾಟಿನ್ನನ್ನು ನಾನೇ ಮೂರು ಸಲ ಬಣ್ಣಕ್ಕೆ ಅದ್ದಿ, ಹಳದಿಯಿಂದ ಕೇಸರಿಗೆ, ಕೇಸರಿಯಿಂದ ಕೆಂಪಿಗೆ ಇಳಿಸಿದೆ. ಕತ್ತಿನ ಸುತ್ತಲಿನ ಹಸುರು ಮುಳ್ಳುಗಳಿಗೆ ತೆಳುವಾದ ತಂತಿ. ಕ್ಲಬ್ಬಿನ ದೀಪಗಳು ಹಳದಿಯವಾದ್ದರಿಂದ ಬಟ್ಟೆಯ ಚೂರುಗಳನ್ನು ಅಲ್ಲಿಗೇ ಒಯ್ದು, ಆ ಬೆಳಕಿನಲ್ಲಿ ಹಿಡಿದು ನೋಡಿದೆ. ಬಿಸಿಲಿನಲ್ಲಿ ಚೆಂದವಾಗಿದ್ದ ಅಗಸೆಯ ನೀಲಿ ಅಲ್ಲಿ ಬೂದಿಯಾಗಿ ಕಂಡಿತು. ಕೆಳಗೆ ಬಿಳಿಯ ಪದರ ಕೊಟ್ಟು ಸರಿಪಡಿಸಿದೆ. ಇನ್ನು ಮಾರ್ಜಿನ್. ಪ್ರತಿ ಹೊಲಿಗೆಯ ಒಳಗೆ, ಮುಂದೆ ಬಿಚ್ಚಿ ದೊಡ್ಡದು ಮಾಡಲು ಅನುಕೂಲವಾಗಲೆಂದು ಬಿಡುವ ಹೆಚ್ಚಿನ ಬಟ್ಟೆಗೆ ಹಾಗೆನ್ನುತ್ತಾರೆ. ಉಳಿದವರು ಅರ್ಧ ಇಂಚು ಬಿಟ್ಟರೆ ನಾನು ಪೂರ್ತಿ ಒಂದು ಇಂಚು ಬಿಡುತ್ತಿದ್ದೆ. ಅದು ನನ್ನ ತಂದೆಯ ಪಾಠ, ನನ್ನ ಹೆಮ್ಮೆ.

ಅಳತೆಗಾಗಿ ಬೆಳಗಿನ ಪ್ಯಾಸೆಂಜರಿನಲ್ಲಿ ವಾಡಿಗೆ ಹೋಗುತ್ತಿದ್ದೆ. ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ನರ್ತಕಿಯರು ಟೇಪನ್ನು ತಾವೇ ಮೈಗೆ ಹಿಡಿದು ಇಂಚುಗಳನ್ನು ಕೂಗುವರು. ನಾನು ಗೋಡೆಯ ಕಡೆಗೆ ಮುಖ ಮಾಡಿ ನಿಂತು ಬರೆದುಕೊಳ್ಳುವೆನು. ಆ ಗೋಡೆಯ ಸುಣ್ಣದ ಬಿರುಕುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅಳತೆಯ ಪುಸ್ತಕವನ್ನು ನಾನು ಶಾಲೆಯ ಹಾಜರಿ ಪುಸ್ತಕದ ಕ್ರಮದಲ್ಲಿಯೇ ಗೆರೆಹಾಕಿದ್ದೆ: ಕ್ರಮಸಂಖ್ಯೆ, ಹೆಸರು, ಊರು, ಆಮೇಲೆ ಅಳತೆಗಳು.

ಮುಖ್ಯ ನರ್ತಕಿಯನ್ನು ಲೋಲಾ ಎಂದು ಕರೆಯುತ್ತಿದ್ದರು. ಅಚ್ಚುಹಾಕಿಸಿದ ಜಾಹೀರಾತಿನಲ್ಲಿ 'ಲಿಸ್ಬನ್ ನಗರದ ಲೋಲಾ' ಎಂದಿತ್ತು. ತಂದೆ ಗೋವೆಯ ಪೋರ್ತುಗೀಜನೆಂದು ಆಕೆ ಸಾಹೇಬರಿಗೆ ಹೇಳಿದ್ದಳಂತೆ. ಇಪ್ಪತ್ತೆಂಟರ ಸುಮಾರಿನ, ನಸುಗೆಂಪು ಮೈಬಣ್ಣದ, ಹೆಚ್ಚು ಮಾತಿಲ್ಲದ ಹೆಣ್ಣು. ಎರಡನೆಯ ಟ್ರಯಲ್ಲಿನ ದಿನ ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತಳು. ಕತ್ತಿನ ಸುತ್ತಲಿನ ಹಸುರು ಮುಳ್ಳನ್ನು ಬೆರಳಿನಿಂದ ಮುಟ್ಟಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಮುಳ್ಳ ಹಿಂಗ ನೆಟ್ಟಗ ಇರೂದಿಲ್ರಿ," ಎಂದಳು, ನಮ್ಮ ಕಡೆಯ ಕನ್ನಡದಲ್ಲಿ. "ಹೊರಗ ಬಾಗಿರ್ತಾವ. ಕುಸುಬಿ ಹೊಲದಾಗ ಯಾವಾಗರ ಇಳಿದೀರೇನು?"

ನಾನು ಮುಳ್ಳಿನಿಂದ ಕಣ್ಣೆತ್ತಿ ಆಕೆಯ ಮುಖ ನೋಡಿದೆ. ಒಂಬತ್ತು ವರ್ಷ ಪರರ ತಪ್ಪು ತಿದ್ದಿದವನು ನಾನು. ನನ್ನನ್ನು ಯಾರಾದರೂ ತಿದ್ದಿ ಬಹಳ ದಿನವಾಗಿತ್ತು.

"ಯಾವ ಊರು ನಿಮ್ಮದು?"

"ಲಿಸ್ಬನ್," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಚಿಂಚೋಳಿರಿ. ನೀಲವ್ವ ಅಂತ ಹೆಸರು. ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮುಂದಿನ ನಾಲ್ಕು ಟ್ರಯಲ್ಲುಗಳಲ್ಲಿ ಆಕೆಯ ಕಥೆ ತುಂಡುತುಂಡಾಗಿ ತಿಳಿಯಿತು. ಹದಿನೇಳಕ್ಕೆ ಗಂಡ ತೀರಿದ. ಮನೆಯಲ್ಲಿ ಮೈದುನನ ಕಾಟ. ಕಾಲಿಗೆ ಗೋಣಿ ಸುತ್ತಿಕೊಂಡು ಕುಸುಬಿ ಕೀಳಲು ಹೋದವಳು ಮನೆಗೆ ಮರಳಲಿಲ್ಲ. ತಾಂಡೂರಿನಲ್ಲಿ ರೈಲು ಹತ್ತಿದಳು. ಸಿಕಂದರಾಬಾದಿನಲ್ಲಿ ಒಬ್ಬ ಮುದಿ ಮಡ್ಡಮ್ಮನ ಮನೆಯಲ್ಲಿ ಆಯಾ ಆಗಿ, ಆ ಮುದುಕಿಯಿಂದಲೇ ಕುಣಿತ ಕಲಿತಳು. ನಾನು ನನ್ನ ಎರಡು ಅಂಕಗಳ ಕಥೆ ಹೇಳಿದೆ. ಆಕೆ ನನ್ನ ಮೇಲೆ ಮರುಕ ತೋರಿಸಲಿಲ್ಲ.

"ಎರಡು ಮಾರ್ಕ್ಸಿನ ಸಲುವಾಗಿ ನೌಕರಿ ಕಳ್ಕೊಂಡ್ರಿ?"

"ತಪ್ಪಿಗೆ ಹ್ಯಾಂಗ ಅಂಕ ಕೊಡಬೇಕು?"

"ಭಾಳ ಶಾಣ್ಯಾ ಇದ್ದೀರಿ ಬಿಡ್ರಿ." ಉಡುಪಿನ ಪಟ್ಟಿಯೊಂದನ್ನು ನೇರ ಮಾಡುತ್ತ, "ಹನ್ನೊಂದು ವರ್ಷ ಆತು ಮಾಸ್ತರ, ಕನ್ನಡದಾಗ ಯಾರ ಜೋಡಿನೂ ಜಗಳಾ ಆಡಿಲ್ಲ ನಾ."

"ನನ್ನ ಜೋಡಿ ಆಡು."

"ನಿಮ್ಮ ಜೋಡಿ ಹ್ಯಾಂಗ ಆಡೂದು? ನಡುವೇ ತಪ್ಪು ಹುಡುಕಿ ತಿದ್ದಾಕ ಕುಂದರ್ತೀರಿ."

ಆ ದಿನ ರೈಲಿನಲ್ಲಿ ಒಬ್ಬನೇ ನಗುತ್ತ ಶಹಾಬಾದಿಗೆ ಬಂದೆ. ಖಾನಾವಳಿಯಲ್ಲಿ ಆ ನಗುವಿನ ಕಾರಣ ಕೇಳುವವರು ಯಾರೂ ಇರಲಿಲ್ಲ.

ಆಕೆಗೆ ಈ ಪ್ರದರ್ಶನದಿಂದ ಆಗಬೇಕಾದದ್ದೇನೆಂಬುದನ್ನೂ ಹೇಳಿದಳು. ಮುಂಬಯಿಯ ದೊಡ್ಡ ಹೋಟೆಲೊಂದು ಈ ತಂಡವನ್ನು ಮೂರು ವರ್ಷಕ್ಕೆ ಗೊತ್ತುಮಾಡಿಕೊಳ್ಳುವುದಿತ್ತು. ವಾಡಿಯಲ್ಲಿ ಕುಣಿದವರನ್ನೇ ಸಾಹೇಬರು ಅಲ್ಲಿಂದ ನೇರವಾಗಿ ಮುಂಬಯಿಗೆ ಕರೆದೊಯ್ಯುವರು. "ಬೊಂಬಾಯಿ ಮುಟ್ಟಿದರ ಮುಗೀತು, ಅಲ್ಲಿ ಯಾರೂ ಯಾರ ಊರೂ ಕೇಳೂದಿಲ್ಲ. ವಾಡಿನಾಗ ಬಿಟ್ಟು ಹೋದರ ನನಗ ಉಳಿಯೂದು ಒಂದೇ ಹಾದಿ. ಆ ಹಾದಿ ತುದಿಗೆ ನಮ್ಮ ಮೈದುನ ನಿಂತಿರ್ತಾನ."

ಇಷ್ಟನ್ನು ಕೇಳಿಯೂ ನಾನು ಮಾಡಿದ್ದೇನೆಂದರೆ, ಅದೇ ದಿನ ಅಂಗಡಿಗೆ ಬಂದು, ಅಳತೆಯ ಪುಸ್ತಕದ ಎಂಟನೆಯ ಸಾಲಿನಲ್ಲಿ 'ಲೋಲಾ, ಲಿಸ್ಬನ್' ಎಂಬುದನ್ನು ಹೊಡೆದುಹಾಕಿ, 'ನೀಲವ್ವ, ಚಿಂಚೋಳಿ' ಎಂದು ದುಂಡಗೆ ಬರೆದೆ. ನನ್ನ ಪುಸ್ತಕದಲ್ಲಿ ಸುಳ್ಳೊಂದು ಇರುವುದನ್ನು ನನಗೆ ಸಹಿಸಲಾಗಲಿಲ್ಲ. ಬರೆಯುವುದೂ ಹೇಳುವುದೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಡಿಸೆಂಬರ್ ಇಪ್ಪತ್ತೊಂಬತ್ತು, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಟ್ರಯಲ್. ಎಂಟೂ ಜನ ಉಡುಪು ತೊಟ್ಟು ಕ್ಲಬ್ಬಿನ ಹಾಲಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರನ್ನಾಗಿ ಕರೆದು ಹೊಲಿಗೆ ತಪಾಸಣೆ ಮಾಡಬೇಕಿತ್ತು. ಎದುರಿಗೆ ಸಾಲು, ಕೈಯಲ್ಲಿ ಗೆರೆಹಾಕಿದ ಪುಸ್ತಕ. ನನ್ನ ಧ್ವನಿ ತಾನಾಗಿ ಶಾಲೆಯ ಧ್ವನಿಯಾಯಿತು.

"ಮ್ಯಾಗಿ, ಬೊಲಾರಂ."

ಆ ಹುಡುಗಿ ಚೇಷ್ಟೆಯವಳು. ಕೈಕಟ್ಟಿ ನಿಂತು "ಪ್ರೆಸೆಂಟ್ ಸಾರ್" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯವಳೂ, ಮೂರನೆಯವಳೂ ಹಾಗೆಯೇ ಉತ್ತರಿಸಿದರು. ಬಹಳ ವರ್ಷಗಳ ಮೇಲೆ ಒಂದು ಕೋಣೆಯ ತುಂಬ ಜನ ನನಗೆ ಓಗೊಡುತ್ತಿದ್ದರು. ಆ ಸಂತೋಷದಲ್ಲಿ, ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದಂತೆ, ಎಂಟನೆಯದನ್ನೂ ಓದಿದೆ.

"ನೀಲವ್ವ, ಚಿಂಚೋಳಿ."

ಯಾರೂ ಓಗೊಡಲಿಲ್ಲ. ನಾನು ತಲೆ ಎತ್ತಿ ನೋಡಿದಾಗ ಆಕೆ ನನ್ನನ್ನು ನೋಡುತ್ತಿರಲಿಲ್ಲ. ನೆಲದ ಫರ್ಸಿಯನ್ನು ನೋಡುತ್ತಿದ್ದಳು.

ಪೆರೇರಾ ಸಾಹೇಬರು ಸಿಗರೇಟನ್ನು ಆರಿಸಿದರು. "ಚಿಂಚೋಳಿ ಎಂದರೆ ತಾಂಡೂರಿನ ಪಕ್ಕದ್ದೇ?" ಎಂದರು. ಅವರ ಧ್ವನಿ ಏರಲಿಲ್ಲ. "ಇಲ್ಲಿಂದ ಎರಡು ದಿನದ ಬಂಡಿಯ ದಾರಿ. ಇವಳ ಮನೆಯವರು ಕೊಡಲಿ ಹಿಡಿದು ಬಂದರೆ ನನ್ನ ತಂಡವನ್ನು ಯಾರು ಕಾಯುತ್ತಾರೆ ಮಾಸ್ಟರ್‌ಜಿ? ನೀವೋ?" ಆಮೇಲೆ ಆಕೆಯ ಕಡೆಗೆ ತಿರುಗಿ, ಮುಂಬಯಿಗೆ ಸುಳ್ಳು ಹೇಳುವವರು ಬೇಕಿಲ್ಲವೆಂದರು. ಕುಸುಬಿಯ ಉಡುಪನ್ನು ಶುಕ್ರವಾರದೊಳಗೆ ಮ್ಯಾಗಿಯ ಮೈಗೆ ಸರಿಮಾಡಿ ತರಬೇಕೆಂದು ನನಗೆ ಅಪ್ಪಣೆಯಾಯಿತು.

ನಡುವಿನ ಕುಣಿತ ಬಲ್ಲ ಇನ್ನೊಬ್ಬಳೆಂದರೆ ಮ್ಯಾಗಿ ಮಾತ್ರ; ಅವಳು ಎದೆಯಲ್ಲಿ ನೀಲವ್ವನಿಗಿಂತ ಮೂರು ಇಂಚು ದೊಡ್ಡವಳು. ನಾನು ಕೂಡಲೇ ಮನಸ್ಸಿನಲ್ಲಿ ಲೆಕ್ಕ ಮಾಡಿದೆ. ಎರಡು ಪಕ್ಕದ ಹೊಲಿಗೆ. ಒಂದೊಂದರಲ್ಲಿ ಎರಡು ಅಂಚು. ಅಂಚಿಗೊಂದು ಇಂಚಿನ ಮಾರ್ಜಿನ್. ಒಟ್ಟು ನಾಲ್ಕು ಇಂಚು. ಬಿಚ್ಚಿದರೆ ಸಲೀಸಾಗಿ ಸರಿಹೋಗುತ್ತದೆ. ನನ್ನ ಹೆಮ್ಮೆಯೇ ಆಕೆಯ ಜಾಗವನ್ನು ಇನ್ನೊಬ್ಬಳಿಗೆ ಹೊಲಿದು ಕೊಡಲಿತ್ತು.

"ಆಗುತ್ತದೆಯೇ?" ಎಂದು ಸಾಹೇಬರು ಕೇಳಿದರು.

"ಬಿಚ್ಚಿ ನೋಡಿ ಹೇಳುತ್ತೇನೆ," ಎಂದೆ.

ಉಡುಪನ್ನು ಗಂಟುಕಟ್ಟಿ ಶಹಾಬಾದಿಗೆ ತಂದೆ. ಗುರುವಾರ ಮಧ್ಯಾಹ್ನ, ರಸ್ತೆಯವರೆಲ್ಲ ಊಟಕ್ಕೆ ಹೋದ ಹೊತ್ತು, ಬಾಗಿಲು ಮುಂದೆಮಾಡಿಕೊಂಡು ಅದನ್ನು ಒಳಮೈ ಹೊರಗಾಗಿ ತಿರುವಿದೆ. 'ಆಗುವುದಿಲ್ಲ' ಎಂದು ಸುಮ್ಮನೆ ಹೇಳಿಬಿಡಬಹುದಿತ್ತು. ಸಾಹೇಬರು ತಿರುವಿ ನೋಡದೆ ಬಿಡುವವರಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಿದರೆ ಓದುಗರು ನಕ್ಕಾರು: ಇರುವುದನ್ನು ಇಲ್ಲವೆಂದು ಹೇಳಲು ನನಗೆ ಬರುತ್ತಿರಲಿಲ್ಲ. ಆದ್ದರಿಂದ ಇರುವುದನ್ನು ಇಲ್ಲವಾಗಿಸಿದೆ. ದೊಡ್ಡ ಕತ್ತರಿಯಿಂದ, ಹೊಲಿಗೆಯ ದಾರಕ್ಕೆ ಒಂದು ಗೋಧಿಕಾಳಿನಷ್ಟು ಜಾಗ ಬಿಟ್ಟು, ನಾಲ್ಕೂ ಅಂಚುಗಳನ್ನು ಕತ್ತರಿಸಿ ತೆಗೆದೆ. ಸ್ಯಾಟಿನ್ ಕತ್ತರಿಸುವಾಗ ಸಪ್ಪಳವಾಗುವುದಿಲ್ಲ. ಕೇಸರಿಯ ಪಟ್ಟಿಗಳು ಫರ್ಸಿಯ ಮೇಲೆ ಬಿದ್ದವು. ಅವನ್ನು ಒಲೆಗೆ ಹಾಕಿದೆ. ತಂದೆಯವರು ಬದುಕಿದ್ದರೆ ಕತ್ತರಿಯನ್ನು ಕೈಯಿಂದ ಕಸಿದುಕೊಳ್ಳುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ವಾಡಿಗೆ ಹೋಗಿ, ಎಲ್ಲರ ಎದುರಿಗೆ, "ಒಳಗೆ ಬಿಚ್ಚಲು ಬಟ್ಟೆ ಇಲ್ಲ" ಎಂದೆ. ಆ ವಾಕ್ಯ ಆ ಗಳಿಗೆಯಲ್ಲಿ ನಿಜವಾಗಿತ್ತು. ಸಾಹೇಬರು ಉಡುಪನ್ನು ತಿರುವಿ, ಅಂಚಿನ ಮೇಲೆ ಹೆಬ್ಬೆರಳನ್ನಾಡಿಸಿದರು. ಮೂರು ಸಲ ಬಣ್ಣಕ್ಕೆ ಅದ್ದಿದ ಅಂಥ ಸ್ಯಾಟಿನ್ ಒಂದು ದಿನದಲ್ಲಿ ಹುಟ್ಟುವಂತಿರಲಿಲ್ಲ.

"ಗೋಣಿಚೀಲ ಹೊಲಿಯುವವನೂ ಅರ್ಧ ಇಂಚು ಬಿಡುತ್ತಾನೆ," ಎಂದರು ಅವರು. "ಯಾರು ನಿಮಗೆ ದರ್ಜಿ ಎಂದು ಹೆಸರಿಟ್ಟರು? ಹೋಗಿ ಮಕ್ಕಳಿಗೆ ಅ ಆ ಕಲಿಸಿ."

ಕ್ಲಬ್ಬಿನ ಕಾರ್ಯದರ್ಶಿಗಳು ಅಲ್ಲಿಯೇ ಇದ್ದರು. ಮ್ಯಾಗಿ ನಕ್ಕಳು. ನಾನು ಕೈಕಟ್ಟಿ ನಿಂತು ಕೇಳಿಕೊಂಡೆ. ಸಾಹೇಬರು ಎರಡು ಸಲ ಹಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಕೊನೆಗೆ ಆಕೆಗೆ, "ಇವತ್ತು ನೀನೇ ಕುಣಿ. ಮುಂಬಯಿಯ ಮಾತು ಆಮೇಲೆ," ಎಂದರು.

ಸಂಜೆ ಆರಕ್ಕೆ ಹಿಂದಿನ ಕೋಣೆಯಲ್ಲಿ ಬೆನ್ನಿನ ಕೊಕ್ಕೆಗಳನ್ನು ನಾನೇ ಹಾಕಬೇಕಾಯಿತು. ಬುಧವಾರದಿಂದ ಆಕೆ ನನ್ನೊಡನೆ ಮಾತಾಡಿರಲಿಲ್ಲ. ಕೈಯನ್ನು ತೋಳಿನ ಕೆಳಗೆ ಒಳಕ್ಕೆ ಹಾಕಿ, ಹೊಲಿಗೆಯನ್ನು ಮುಟ್ಟಿ ನೋಡಿಕೊಂಡಳು.

"ಒಳಗ ನುಣ್ಣಗ ಆಗ್ಯದ," ಎಂದಳು. "ಮೊದಲ ಚುಚ್ಚತಿತ್ತು."

ನಾನು ಕೊಕ್ಕೆ ಹಾಕುತ್ತಲೇ ಇದ್ದೆ. "ಕೈ ಭಾಳ ಮ್ಯಾಲ ಎತ್ತಬ್ಯಾಡ. ದಾರದ ಮ್ಯಾಲೇ ನಿಂತದ ಎಲ್ಲಾ."

"ಕೈ ಎತ್ತೂದೇ ಕುಣಿತ ಅದರಿ ಮಾಸ್ತರ."

"ನನ್ನಿಂದ ಭಾಳ ದೊಡ್ಡ ತಪ್ಪಾತು, ನೀಲವ್ವ."

"ಆತು." ಕ್ಷಮಿಸಿದೆನೆಂದು ಅನ್ನಲಿಲ್ಲ.

ಏಳಕ್ಕೆ ಬ್ಯಾಂಡು ಶುರುವಾಯಿತು. ನಾನು ಪರದೆಯ ಮರೆಯಲ್ಲಿ ಸೂಜಿಗೆ ಕೇಸರಿ ದಾರ ಪೋಣಿಸಿಕೊಂಡು ನಿಂತಿದ್ದೆ. ತೊಗರಿ, ಅಗಸೆ, ಹತ್ತಿಯ ಹೂಗಳು ಸರಿದು ದಾರಿ ಬಿಟ್ಟವು. ಕುಸುಬಿ ನಡುವೆ ಬಂದು ತಿರುಗಿತು. ನೂರ ಹನ್ನೆರಡು ಪಟ್ಟಿಗಳು ಒಟ್ಟಿಗೇ ಎದ್ದಾಗ ಹಳದಿಯೊಳಗಿಂದ ಕೆಂಪು ಹೊರಬಿತ್ತು. ಮೂರನೆಯ ಕುಣಿತದಲ್ಲಿ ಆಕೆ ಎರಡೂ ಕೈ ಎತ್ತಿದಳು. ಎಡತೋಳಿನ ಕೆಳಗೆ ಹೊಲಿಗೆ ಎರಡು ಬೆರಳಿನಷ್ಟು ಬಿಚ್ಚಿತು. ನನಗೆ ಬಿಳಿಯ ಬುಕ್ರಂ ಕಂಡಿತು. ಆಕೆಗೂ ತಿಳಿಯಿತು. ತಾಳ ತಪ್ಪದೆ ಎಡಗೈಯನ್ನು ಇಳಿಸಿ ಸೊಂಟಕ್ಕಿಟ್ಟಳು. ಉಳಿದ ಕುಣಿತವನ್ನೆಲ್ಲ ಬಲಗೈ ಒಂದರಲ್ಲಿಯೇ ಮುಗಿಸಿದಳು. ಅದು ಲಿಸ್ಬನ್ನಿನ ಪದ್ಧತಿಯಿರಬೇಕೆಂದು ಜನ ತಿಳಿದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಒಬ್ಬ ಮಡ್ಡಮ್ಮ ಆ ಹೂ ಎಲ್ಲಿಯದೆಂದು ಕೇಳಿದಳು. "ಬ್ರೆಜಿಲ್," ಎಂದರು ಪೆರೇರಾ ಸಾಹೇಬರು.

ಪ್ರದರ್ಶನ ಮುಗಿದೊಡನೆ ಅವರು ನನ್ನನ್ನು ಹೋಗೆಂದರು. ಮುಂಬಯಿಯ ವಿಷಯವಾಗಿ ಏನು ನಿಶ್ಚಯಿಸಿದರೆಂದು ಕೇಳುವ ಅಧಿಕಾರ ನನಗಿರಲಿಲ್ಲ. ಆಕೆಯನ್ನು ಕಾಣಲೂ ಆಗಲಿಲ್ಲ. ಮ್ಯಾಗಿ ಹೋಗುವಾಗ ಒಂದು ಮಾತು ಹೇಳಿದಳು: ತಂಡ ರವಿವಾರದ ಮೇಲ್ ಗಾಡಿಗೆ ಹೊರಡುತ್ತದೆ.

ವಾಡಿಯಿಂದ ಮುಂಬಯಿಗೆ ಹೋಗುವ ಗಾಡಿ ಶಹಾಬಾದಿನ ಮೇಲೆಯೇ ಹೋಗಬೇಕು. ರವಿವಾರ ಬೆಳಿಗ್ಗೆ ಮಡಿಚಿಟ್ಟ ಕೋಟು ತೊಟ್ಟು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಗಾಡಿ ನಾಲ್ಕೈದು ನಿಮಿಷ ನಿಂತಿತು. ಎರಡನೆಯ ದರ್ಜೆಯ ಡಬ್ಬಿಯಲ್ಲಿ ಪೆರೇರಾ ಸಾಹೇಬರು ಪತ್ರಿಕೆ ಓದುತ್ತಿದ್ದರು. ಕಿಟಕಿಗಳಲ್ಲಿ ಹುಡುಗಿಯರ ಮುಖಗಳಿದ್ದವು, ಆಕೆಯದು ಇರಲಿಲ್ಲ. ನಾನು ಡಬ್ಬಿಯ ಉದ್ದಕ್ಕೂ ನಡೆದು ಮತ್ತೆ ಮೊದಲಿನಿಂದ ನೋಡಿದೆ. ಹಸಿರು ನಿಶಾನೆ ಬೀಸಿದಾಗ, ಆಚೆಯ ಬದಿಯಲ್ಲಿ ಕುಳಿತಿದ್ದವಳೊಬ್ಬಳು ಎದ್ದು ಈಚೆಯ ಕಿಟಕಿಗೆ ಬಂದಳು. ತಲೆಯ ಮೇಲೆ ಟೋಪಿ. ನೀಲವ್ವ.

ಆಕೆಯ ಕಣ್ಣು ನನ್ನ ಮೇಲೆ ಬಂತು; ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮನುಷ್ಯನನ್ನು ನೋಡುವಂತೆ ನೋಡಿತು; ಮುಂದಕ್ಕೆ ಹೋಯಿತು. ಸಾಹೇಬರು ಪಕ್ಕದಲ್ಲಿಯೇ ಇದ್ದರು. ನನ್ನ ಕೈ ಮೇಲೆ ಏಳುವುದರಲ್ಲಿತ್ತು. ಕೋಟಿನ ಜೇಬಿಗೆ ಹಾಕಿಕೊಂಡೆ. ಗಾಡಿ ಗುಲ್ಬರ್ಗಾದ ಕಡೆಗೆ ಹೋಯಿತು. ಆಕೆಯನ್ನು ನಾನು ಮತ್ತೆ ನೋಡಲಿಲ್ಲ. ಕಾಗದವೂ ಬರಲಿಲ್ಲ, ಬರುವುದು ಬೇಕಾಗಿಯೂ ಇರಲಿಲ್ಲ.

ಕ್ಲಬ್ಬಿನವರು ನನಗೆ ಮತ್ತೆ ಕೆಲಸ ಕೊಡಲಿಲ್ಲ. ಮಾರ್ಜಿನ್ ಬಿಡದ ದರ್ಜಿಯೆಂಬ ಮಾತು ಕಾರ್ಖಾನೆಯ ಬಂಗಲೆಗಳವರೆಗೂ ಬಂತು. ಅದನ್ನು ನಾನು ಯಾರ ಎದುರಿಗೂ ಅಲ್ಲಗಳೆಯಲಿಲ್ಲ. ಇಂದು ನನಗೆ ಐವತ್ತೆರಡು ವರ್ಷ; ಕಣ್ಣು ಮಂದವಾಗಿದೆ, ಯಂತ್ರವನ್ನು ಮಾರಿದ್ದೇನೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಮೈಯ ಅಳತೆ ತೆಗೆದುಕೊಳ್ಳುವವನಿಗೆ ಅಳತೆಯ ಆಚೆಗೆ ತಿಳಿದುಬರುವುದೆಲ್ಲವೂ ಆ ಮೈಯವರ ಸ್ವತ್ತು, ಅದು ನಿಜವೆಂಬ ಕಾರಣಕ್ಕೆ ನನ್ನದಾಗುವುದಿಲ್ಲ. ಇದನ್ನು ನಾನು ಕಲಿಯುವ ಹೊತ್ತಿಗೆ ಆಕೆಗೆ ನನ್ನ ತಪ್ಪಿನಿಂದ ಕೆಡುಕಾಗಿ ಹೋಗುವುದಿತ್ತು. ಹಾಗಾಗಲಿಲ್ಲ. ಆ ಕಿಟಕಿಗೆ ಆಕೆ ಬಂದದ್ದು, ಪ್ರಕರಣ ನನ್ನ ಮಟ್ಟಿಗೆ ಇತ್ಯರ್ಥವಾದದ್ದು, ೧೯೩೮ನೆಯ ಇಸವಿ ಜನವರಿ ಎರಡನೆಯ ತಾರೀಖು, ರವಿವಾರ.